ಓರೆ ಕೊಳದ ಬಿರಡೆ

ಚರ್ಚಿಗೆಂದು ಎತ್ತಿಟ್ಟಿದ್ದ ಬೂದು ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಗಳ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಆರ್ನೋ ಲೀಬೆಲ್ಟ್, ಎಪ್ಪತ್ತು ದಾಟಿದ ಮೇಲೆ, ನಮ್ಮ ಪಕ್ಕದ ಮನೆಯ ವಿಧವೆಯ ಈಜುಕೊಳಕ್ಕೆ ಬಿದ್ದ.

ಬೀಳುವುದೇನೂ ದೊಡ್ಡ ಸುದ್ದಿಯಲ್ಲ. ಅಡಿಲೇಡಿನ ನಮ್ಮ ಬೀದಿಯಲ್ಲಿ ಬಟ್ಟೆ ಸಮೇತ ಕೊಳಕ್ಕೆ ಬೀಳದ ಗಂಡಸಿಲ್ಲ. ಕ್ರಿಸ್ಮಸ್ಸಿನ ಸುಡುಬಿಸಿಲಲ್ಲಿ ಹೊಟ್ಟೆಗೆ ಬಿಯರು ಇಳಿದ ಹಾಗೆಲ್ಲ ಒಬ್ಬೊಬ್ಬರೇ ನೀರಿಗೆ ಇಳಿಯುತ್ತಾರೆ. ಆರ್ನೋ ಬಿದ್ದದ್ದು ಮಾತ್ರ ಮಂಗಳವಾರ ಬೆಳಿಗ್ಗೆ, ಕುಡಿಯದೆ, ಕರೆಯದೆ, ಮನೆಯೊಡತಿ ಇಲ್ಲದ ಹೊತ್ತು ನೋಡಿಕೊಂಡು. ಸಾಲದ್ದಕ್ಕೆ ಆ ಕೊಳ ಕಟ್ಟಿದವನೂ ಅವನೇ. ಅಡುಗೆಭಟ್ಟನೇ ಸಾರಿನ ಹಂಡೆಗೆ ಬಿದ್ದ ಹಾಗೆ.

ಮನೆಯೊಡತಿ ಮರ್ಲ್ ಪ್ಯಾಸ್ಕೋ ಮಂಗಳವಾರಗಳಂದು ಹುಲ್ಲುಹಾಸಿನ ಮೇಲೆ ಚೆಂಡು ಉರುಳಿಸುವ ಕ್ಲಬ್ಬಿಗೆ ಹೋಗುವವಳು. ಅಂದು ಬಿಸಿಲು ವಿಪರೀತವೆಂದು ಆಟ ನಿಲ್ಲಿಸಿದ್ದರು. ಬಿಳಿ ಸ್ಕರ್ಟು, ಬಿಳಿ ಟೋಪಿಯಲ್ಲಿ ಹಿತ್ತಲಿಗೆ ಬಂದವಳು ಕಂಡದ್ದು, ಪಾಚಿ ಕಟ್ಟಿದ ನೀರಿನಿಂದ ಮೇಲೆದ್ದ ಒಂದು ಹಸಿರು ತಲೆ.

"ಆರ್ನೋ! ಏನೋ ಮಾಡ್ತಿದ್ದೀಯ ಅಲ್ಲಿ?"

"ಏನಿಲ್ಲ ಮರ್ಲ್. ಸುಮ್ನೆ ನೋಡ್ತಿದ್ದೆ."

"ಒಳಗಿಂದ ನೋಡಿದ್ರೆ ಚೆನ್ನಾಗ್ ಕಾಣ್ಸುತ್ತಾ?"

"ಇಲ್ಲ," ಎಂದ ಆರ್ನೋ, ಬಾಯಿಂದ ಒಂದು ಎಲೆ ತೆಗೆಯುತ್ತ. "ಏನೂ ಕಾಣ್ಸಲ್ಲ."

ಬೇಲಿಯ ಈಚೆ ನಾನು ಬಟ್ಟೆ ಒಣಹಾಕುತ್ತಿದ್ದೆ. "ಡೆಕ್ಲನ್, ಕದ್ದು ಕೇಳಿದ್ದು ಸಾಕು, ಬಂದು ಈ ಮುದುಕನ್ನ ಎತ್ತು," ಎಂದು ಮರ್ಲ್ ಕೂಗಿದಳು. ಹೋಗಿ ಎತ್ತಿದೆ. ನೀರಿನ ಭಾರಕ್ಕಿಂತ ಹೆಚ್ಚಿನ ಭಾರವೊಂದು ಅವನಲ್ಲಿತ್ತು. ಅದೇನೆಂದು ತಿಳಿಯಬೇಕಾದರೆ ಆರ್ನೋ ಕೊಳ ಕಟ್ಟುತ್ತಿದ್ದ ಬಗೆ ತಿಳಿದಿರಬೇಕು.

ನಮ್ಮ ಊರಿನ ಪೂರ್ವದ ಬಡಾವಣೆಗಳಲ್ಲಿ ಹಿತ್ತಲ ಕೊಳ ಎಂದರೆ ಆರ್ನೋ, ಆರ್ನೋ ಎಂದರೆ ಹಿತ್ತಲ ಕೊಳ. ಕೊಳ ಬೇಕೆಂದು ಕರೆದವರ ಮನೆಗೆ ಬಂದರೆ ಅವನು ಹಿತ್ತಲಿಗೇ ಹೋಗುತ್ತಿರಲಿಲ್ಲ. ಅಡುಗೆಮನೆಗೆ ನುಗ್ಗಿ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಕಿಟಕಿಯಿಂದ ಆಚೆ ನೋಡುತ್ತಿದ್ದ. ಮನೆಯ ಗಂಡಸು "ಕೊಳ ಬೇಕಾಗಿರೋದು ಹೊರಗಡೆ ಕಣಯ್ಯಾ" ಎಂದರೆ, "ನಿನಗೆ ಈಜೋಕೆ ಎಲ್ಲಾದ್ರೂ ಆಗುತ್ತೆ. ನಿನ್ನ ಹೆಂಡ್ತಿಗೆ ಮಕ್ಕಳು ಕಾಣೋದು ಇಲ್ಲಿಂದ ಮಾತ್ರ," ಎನ್ನುತ್ತಿದ್ದ. ಆ ಕಿಟಕಿಗೆ ಕಾಣದ ಜಾಗದಲ್ಲಿ ಅವನು ಒಂದು ಗುದ್ದಲಿಯನ್ನೂ ಹಾಕಲಿಲ್ಲ. ಅದಕ್ಕೇ ಸಿಟ್ಟಾಗಿ ಬೇರೆಯವರ ಹತ್ತಿರ ಹೋದವರೂ ಉಂಟು.

ಆಮೇಲೆ ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಬಿಸಿಲಿಗೆ ಹಾಕುತ್ತಿದ್ದ. ಕಾದು ಮೆತ್ತಗಾದ ಪೈಪು ಹೇಳಿದ ಹಾಗೆ ಬಾಗುತ್ತದೆ. ಅದನ್ನು ಹುಲ್ಲಿನ ಮೇಲೆ ಮೂತ್ರಪಿಂಡದ ಆಕಾರಕ್ಕೋ ಅವರೆಕಾಳಿನ ಆಕಾರಕ್ಕೋ ಸುತ್ತಿ, ಮನೆಯವರೆಲ್ಲ ಅದರ ಸುತ್ತ ಒಂದು ಸಂಜೆ ಕುರ್ಚಿ ಹಾಕಿ ಕೂರಬೇಕು. ನೆರಳು ಎಲ್ಲಿಂದ ಬರುತ್ತದೆ, ಯಾವ ಮರದ ಎಲೆ ಎಲ್ಲಿ ಉದುರುತ್ತದೆ, ಬಿಯರಿನ ಡಬ್ಬಿ ತರಲು ಎಷ್ಟು ದೂರ ನಡೆಯಬೇಕು, ಎಲ್ಲ ಆಗಲೇ ತೀರ್ಮಾನ. ಹೆಂಗಸರು ಪೈಪನ್ನು ಕಾಲಲ್ಲಿ ಒಂದಿಷ್ಟು ಆಚೆಗೆ ತಳ್ಳುತ್ತಿದ್ದರು, ಗಂಡಸರು ಒಂದಿಷ್ಟು ಈಚೆಗೆ. ಒಂದು ಮನೆಯಲ್ಲಿ ಈ ತಳ್ಳಾಟ ನಿಲ್ಲದೆ, ಕೊಳದ ಬದಲು ವಿಚ್ಛೇದನ ಕಟ್ಟಿಸಿಕೊಂಡರು.

ಪೈಪಿನ ಗುರುತಿಗೆ ಸುಣ್ಣ ಎರಚಿ, ಪಕ್ಕದ ಬೇಲಿ ಬಿಚ್ಚಿ, ಮಣ್ಣು ಅಗೆಯುವ ಯಂತ್ರ ಬರುತ್ತದೆ. ಅಗೆದ ಗುಂಡಿಗೆ ಕಬ್ಬಿಣದ ಸರಳುಗಳ ಪಂಜರ. ಆ ಪಂಜರದ ಮೇಲೆ ದಪ್ಪ ಪೈಪಿನಿಂದ ಕಾಂಕ್ರೀಟನ್ನು ರಭಸವಾಗಿ ಚಿಮ್ಮಿಸುತ್ತಾರೆ, ಕರಣೆ ಹಿಡಿದವರು ಅದು ಬಿಗಿಯುವ ಮೊದಲು ಕೆರೆದು ತೀಡಿ ಬಟ್ಟಲಿನ ರೂಪ ಕೊಡುತ್ತಾರೆ. ಅದಕ್ಕೆ ದಿನವೂ ನೀರುಣಿಸಿ ಗಟ್ಟಿ ಮಾಡಿದ ಮೇಲೆ ಅಂಚಿಗೆ ಟೈಲ್ಸ್. ಇಲ್ಲಿ ಮಾತ್ರ ಆರ್ನೋ ಯಾರನ್ನೂ ನಂಬುತ್ತಿರಲಿಲ್ಲ. "ನೀರಿನಷ್ಟು ಚಾಡಿಕೋರ ಬೇರೆ ಯಾರೂ ಇಲ್ಲ," ಎನ್ನುತ್ತಿದ್ದ. "ಅಂಚು ಒಂದು ಬೆರಳು ಓರೆಯಾದ್ರೂ ಸಾಕು, ದಿನಾ ಬೆಳಿಗ್ಗೆ ಊರಿಗೆಲ್ಲ ಹೇಳುತ್ತೆ."

ಕಡೆಗೆ ಅಮೃತಶಿಲೆಯ ಪುಡಿ ಬೆರೆಸಿದ ಬಿಳಿ ಗಾರೆ. ಆ ಗಾರೆ ಇನ್ನೂ ಹಸಿಯಿರುವಾಗಲೇ ನೀರು ಬಿಡಬೇಕು. ಬಿಟ್ಟ ನೀರನ್ನು ತುಂಬುವ ತನಕ ನಿಲ್ಲಿಸಬಾರದು. ನಿಲ್ಲಿಸಿದರೆ ನಿಂತ ಮಟ್ಟದಲ್ಲಿ ಒಂದು ಉಂಗುರ ಮೂಡುತ್ತದೆ, ಅದು ಆಮೇಲೆ ತಿಕ್ಕಿದರೂ ಹೋಗುವುದಿಲ್ಲ.

ಇನ್ನೊಂದು ಸಂಗತಿ. ನೆಲದೊಳಗಿನ ಕೊಳ ನಿಜವಾಗಿ ಒಂದು ದೋಣಿ. ತುಂಬಿದಾಗ ಭಾರಕ್ಕೆ ಕೂತಿರುತ್ತದೆ. ಖಾಲಿಯಾದಾಗ, ಕೆಳಗಿನ ಮಣ್ಣಿನಲ್ಲಿ ಮಳೆಗಾಲದ ನೀರು ನಿಂತಿದ್ದರೆ, ತೇಲಿ ಮೇಲೇಳುತ್ತದೆ. ಮನೆಯಷ್ಟು ತೂಕದ ಕಾಂಕ್ರೀಟು ಏಳುತ್ತದೆಂದರೆ ಯಾರೂ ನಂಬುವುದಿಲ್ಲ, ನೋಡುವ ತನಕ. ಅದಕ್ಕೇ ಕೊಳದ ಅತಿ ಆಳದ ಜಾಗದಲ್ಲಿ, ಜಾಲರಿಯ ಅಡಿ, ಒಂದು ಚಿಕ್ಕ ವಾಲ್ವು ಕೂರಿಸುತ್ತಾರೆ. ಕೆಳಗಿನ ನೀರು ಒತ್ತಿದರೆ ಅದು ತೆರೆದುಕೊಂಡು ನೀರನ್ನು ಒಳಕ್ಕೆ ಬಿಡುತ್ತದೆ, ದೋಣಿ ಏಳುವುದಿಲ್ಲ. ಗಾರೆ ಬಳಿಯುವ ದಿನ ಮಾತ್ರ, ಆ ನೀರು ಹಸಿ ಗಾರೆಯನ್ನು ಕೆಡಿಸದಿರಲೆಂದು, ವಾಲ್ವಿಗೆ ರಬ್ಬರಿನ ಬಿರಡೆ ಹಾಕಿ, ನೀರು ಬಿಡುವ ಮುನ್ನ ಕೀಳುತ್ತಾರೆ. ಆರ್ನೋ ಕಿತ್ತ ಬಿರಡೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದು ಅವನ ಹೆಂಡತಿ ಎಲ್ವಿಗೆ ಬಟ್ಟೆ ಒಗೆಯುವಾಗ ಸಿಗುತ್ತಿತ್ತು. ಬೈಯುತ್ತಿದ್ದಳು, ಕಿಟಕಿಯ ಮೇಲಿಡುತ್ತಿದ್ದಳು. ಬಿರಡೆ ಕಿಟಕಿಗೆ ಬಂದರೆ ಒಂದು ಕೊಳ ಮುಗಿದ ಹಾಗೆ.

"ಕೊಳ ಖಾಲಿ ಮಾಡ್ದಾಗ ತಳದಿಂದ ನೀರು ಉಕ್ಕಿದ್ರೆ ಗಾಬರಿ ಬೀಳ್ಬೇಡಿ, ಅದೇ ನಿಮ್ಮನ್ನ ಕಾಯೋದು," ಎಂದು ಆರ್ನೋ ಪ್ರತಿ ಮನೆಯಲ್ಲೂ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ನೀರು ಬಿಟ್ಟಾಗಿರುತ್ತಿತ್ತು, ಗಂಡಸರು ಬಿಯರಿನ ಮುಚ್ಚಳ ತೆಗೆದಾಗಿರುತ್ತಿತ್ತು.

ಕೀತ್ ಮತ್ತು ಮರ್ಲ್ ಪ್ಯಾಸ್ಕೋ ದಂಪತಿಗೆ ಕೊಳ ಕಟ್ಟಿದ್ದು ಫುಟ್‌ಬಾಲ್ ಫೈನಲ್ ನಡೆದ ವಾರ. ಕೀತ್‌ಗೆ ಆ ಫುಟ್‌ಬಾಲ್ ಹುಚ್ಚು ಎಷ್ಟೆಂದರೆ, ತೋಟದ ಕೆಲಸಕ್ಕೂ ಚಡ್ಡಿಯ ಕೆಳಗೆ ತನ್ನ ತಂಡದ ಕೆಂಪು ನೀಲಿ ಪಟ್ಟೆಯ ಉದ್ದನೆಯ ಕಾಲುಚೀಲ ಏರಿಸಿಕೊಳ್ಳುತ್ತಿದ್ದ. ಗಾರೆ ಮುಗಿದ ಮಧ್ಯಾಹ್ನ ರೇಡಿಯೋದಲ್ಲಿ ಆಟ. ಕೀತ್ "ಬಾರಯ್ಯಾ, ಆಟದ ಕೊನೇ ಕಾಲು ಭಾಗ" ಎಂದು ಕೂಗಿದ. ಆರ್ನೋ ಓಡಿದ. ಬರುವಷ್ಟರಲ್ಲಿ ಯಾರೋ ನಲ್ಲಿ ತಿರುಗಿಸಿದ್ದರು, ಆಳದಲ್ಲಿ ಮೊಣಕಾಲುದ್ದ ನೀರು. ಬಿಟ್ಟ ನೀರನ್ನು ನಿಲ್ಲಿಸುವಂತಿಲ್ಲ. ಬಿರಡೆ ಮೊದಲೇ ಕಿತ್ತಿದ್ದೇನೆ ಎಂದುಕೊಂಡ.

ಆ ವಾರ ಎಲ್ವಿಯ ಕಿಟಕಿಗೆ ಬಿರಡೆ ಬರಲಿಲ್ಲ.

ಬಿದ್ದುಹೋಗಿರಬಹುದು, ಲಾರಿಯಲ್ಲಿರಬಹುದು ಎಂದು ಆರ್ನೋ ತನಗೆ ತಾನೇ ಹೇಳಿಕೊಂಡ. ಕೊಳ ತುಂಬಿತ್ತು. ತುಂಬಿದ ಕೊಳಕ್ಕೆ ವಾಲ್ವಿನ ಹಂಗಿಲ್ಲ. ಮಾತನ್ನೂ ಅಲ್ಲೇ ಮುಳುಗಿಸಿದ.

ಕೆಲವು ವರ್ಷ ಕಳೆದು ಒಂದು ಆಗಸ್ಟ್. ಮಗಳ ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಕೊಳಕ್ಕೆ ನೀಲಿ ಬಣ್ಣ ಬಳಿಯಬೇಕೆಂದು ಕೀತ್‌ಗೆ ಉಮೇದು. ಮಳೆ ಹುಯ್ದು ಪಕ್ಕದ ತೊರೆ ದಡ ಮುಟ್ಟಿತ್ತು. ಅಂಥ ಹೊತ್ತಿನಲ್ಲಿ ಪುಣ್ಯಾತ್ಮ ಕೊಳ ಖಾಲಿ ಮಾಡಿದ. ಮಾರನೆಯ ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದಾಗ ಹಸು ನರಳಿದಂಥ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಕೊಳದ ಆಳದ ತುದಿ ನೆಲದಿಂದ ಒಂದು ಗೇಣು ಮೇಲೆದ್ದಿದೆ, ಸುತ್ತಣ ಹಾಸುಗಲ್ಲು ಚದುರಿದೆ. ಕೀತ್ ಒಂದು ಕಾಲಲ್ಲಿ ಪಟ್ಟೆಯ ಕಾಲುಚೀಲ, ಇನ್ನೊಂದು ಬರಿಗಾಲು, ಹಾಗೇ ಕೆಸರಲ್ಲಿ ಓಡಾಡುತ್ತ, ತನ್ನ ಮನೆಯ, ನಮ್ಮ ಮನೆಯ, ಸಿಕ್ಕ ಸಿಕ್ಕ ಪೈಪನ್ನೆಲ್ಲ ಕೊಳಕ್ಕೆ ಬಿಡುತ್ತಿದ್ದಾನೆ. ಪಾಪ, ಗಾಬರಿಯಲ್ಲಿ ಅರ್ಧ ಉಟ್ಟು ಎದ್ದುಬಂದಿದ್ದಾನೆ ಎಂದುಕೊಂಡೆವು.

ಆರ್ನೋ ಬರುವಾಗ ಕೊಳದಲ್ಲಿ ಎದೆಮಟ್ಟ ಕೆಸರುನೀರು. ವಾಲ್ವು ನೋಡುವಂತಿರಲಿಲ್ಲ, ನೋಡುವ ಧೈರ್ಯವೂ ಅವನಿಗಿರಲಿಲ್ಲ.

"ನಂದೇ ತಪ್ಪು ಕಣಯ್ಯಾ," ಎಂದ ಕೀತ್, ಅವನ ಮುಖ ನೋಡದೆ. "ಮಳೆಗಾಲದಲ್ಲಿ ಖಾಲಿ ಮಾಡ್ಬೇಡ ಅಂತ ನೀನು ಹೇಳಿದ್ದೆ."

ಖಾಲಿ ಮಾಡಿದರೂ ವಾಲ್ವು ತೆರೆದಿದ್ದರೆ ಹೀಗಾಗುತ್ತಿರಲಿಲ್ಲ, ಅದರ ಬಾಯಿಗೆ ನಾನೇ ಬಿರಡೆ ಜಡಿದು ಮರೆತೆ, ಎಂದು ಆರ್ನೋ ಹೇಳಬೇಕಿತ್ತು. ಕಸುಬಿನಲ್ಲಿ ಅವನಿಗೆ ಹೆಸರು ಬರುತ್ತಿದ್ದ ಕಾಲ. ಟೋಪಿ ತೆಗೆದು ಹಿಡಿದುಕೊಂಡ, ಅಷ್ಟೇ.

ಕೂಲಿ ತೆಗೆದುಕೊಳ್ಳದೆ ಹಾಸುಗಲ್ಲು ಮತ್ತೆ ಹಾಕಿಕೊಟ್ಟ. ಕೊಳವನ್ನು ಮಾತ್ರ ಕೂರಿಸಲಾಗಲಿಲ್ಲ, ಅದು ಓರೆಯಾಗಿಯೇ ಉಳಿಯಿತು. ಒಂದು ತುದಿಯಲ್ಲಿ ನೀರು ಅಂಚು ಮುಟ್ಟುತ್ತಿತ್ತು, ಇನ್ನೊಂದು ತುದಿಯಲ್ಲಿ ಗೇಣು ಕೆಳಗೆ. ನೀರು ದಿನಾ ಬೆಳಿಗ್ಗೆ ಚಾಡಿ ಹೇಳಿತು. ಬೀದಿಯ ಮಕ್ಕಳೆಲ್ಲ ಅಲ್ಲೇ ಈಜು ಕಲಿತೆವು, ಹೋಗುವಾಗ ಏರು, ಬರುವಾಗ ಇಳಿಜಾರು ಎಂದು ನಗುತ್ತ. ಎದುರು ಮನೆಯ ಗ್ರೆವಿಲ್ ಕೀತ್‌ಗೆ ಹಡಗಿನ ಕ್ಯಾಪ್ಟನ್ನನ ಬಿಳಿ ಟೋಪಿ ತಂದುಕೊಟ್ಟ. ಅಂದಿನಿಂದ ಕೀತ್ ಹೋಗಿ ಕ್ಯಾಪ್ಟನ್ ಆದ. "ಕ್ಯಾಪ್ಟನ್, ಇವತ್ತು ಯಾವ ಬಂದರಿಗೆ?" ಎಂದು ಹಾಲಿನವನೂ ಕೇಳುವವನೇ. ಕೀತ್ ನಗುತ್ತಿದ್ದ, ಎಂದೂ ವಾದ ಮಾಡಲಿಲ್ಲ. ಮರ್ಲ್ ನಗುತ್ತಿರಲಿಲ್ಲ.

ಆರ್ನೋ ತನ್ನ ಶಿಕ್ಷೆಯನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಶನಿವಾರ ಬಂದರೆ ಬಲೆ ಹಿಡಿದು ಆ ಕೊಳ ತೊಳೆಯಲು ಹಾಜರು. ಕೊಳ ಕಟ್ಟಿ ಬದುಕಿದವನು ಕೊಳೆ ತೆಗೆದು ಪ್ರಾಯಶ್ಚಿತ್ತ ಮಾಡಿಕೊಂಡ. ಕಷ್ಟವೆಂದರೆ, ಕೀತ್ ಅದನ್ನು ಬಿಟ್ಟಿಯಾಗಿ ಮಾಡಿಸಿಕೊಳ್ಳುತ್ತಿರಲಿಲ್ಲ. ಪ್ರತಿ ಜನವರಿ ಒಂದು ಬಕೆಟ್ ಏಪ್ರಿಕಾಟ್ ಹೊತ್ತು ತರುತ್ತಿದ್ದ, ಕೊಟ್ಟು ನಿಲ್ಲದೆ ಹೋಗುತ್ತಿದ್ದ. ಬಕೆಟ್ ಕಂಡರೆ ಆರ್ನೋ ಗ್ಯಾರೇಜಿನಲ್ಲಿ ಅಡಗುತ್ತಿದ್ದ. ಎಲ್ವಿ ಮಾಡಿದ ಜಾಮನ್ನು ಅವನು ಮುಟ್ಟುತ್ತಿರಲಿಲ್ಲ.

ಆರ್ನೋ ಲೂಥರನ್ ಪಂಗಡದ ಕ್ರೈಸ್ತ. ಅವರಲ್ಲಿ ಪಾಪನಿವೇದನೆ ಸಗಟು ವ್ಯಾಪಾರ: ಭಾನುವಾರ ಎಲ್ಲರೂ ಒಟ್ಟಿಗೆ ನಿಂತು "ನಾವು ಪಾಪಿಗಳು" ಎಂದು ಓದಿದರೆ ವಾರದ ಬಾಬ್ತು ಮುಗಿಯಿತು. ಸಿಸ್ಟರುಗಳ ಕೈಯಲ್ಲಿ ಕಲಿತ ನಮ್ಮಂಥ ಕ್ಯಾಥೊಲಿಕರದು ಚಿಲ್ಲರೆ ಅಂಗಡಿ. ಗೂಡಿನೊಳಗೆ ಮಂಡಿಯೂರಿ ಪಾದ್ರಿಯ ಕಿವಿಗೆ ಒಂದೊಂದನ್ನೂ ಬಿಡಿಸಿ ಹೇಳಬೇಕು. ಆರ್ನೋನ ಪಾಪ ಚಿಲ್ಲರೆ ಜಾತಿಯದು. ಸಗಟಿನಲ್ಲಿ ಅದು ಖರ್ಚಾಗಲೇ ಇಲ್ಲ.

ಕೀತ್ ತೀರಿಕೊಂಡ. ಶವಪೆಟ್ಟಿಗೆಯ ಮೇಲೆ ಯಾರೋ ಆ ಬಿಳಿ ಟೋಪಿ ಇಟ್ಟರು. ಗ್ರೆವಿಲ್ ಎದ್ದು ನಿಂತು, "ಒಣ ನೆಲದಲ್ಲಿ ಹಡಗು ಬಿಟ್ಟ ಏಕೈಕ ಕ್ಯಾಪ್ಟನ್," ಎಂದ. ಚರ್ಚು ನಕ್ಕಿತು. ಮರ್ಲ್ ತಲೆ ತಗ್ಗಿಸಿದಳು. ಆರ್ನೋ ಎದ್ದು ಹೊರಗೆ ಹೋದ, ಊಟಕ್ಕೂ ನಿಲ್ಲಲಿಲ್ಲ.

ಆಮೇಲೆ ಬರ ಬಂತು. ತೋಟಕ್ಕೂ ಕೊಳಕ್ಕೂ ನೀರು ಬಿಡಬಾರದೆಂದು ಸರಕಾರ ಕಟ್ಟು ಮಾಡಿತು. ಮರ್ಲ್ ಕೊಳ ಮುಚ್ಚಿಸಿ ಮೇಲೊಂದು ನಿಂಬೆಗಿಡ ಹಾಕುತ್ತೇನೆಂದಳು. ಗುರುವಾರ ಆಳುಗಳು ಬರುವವರಿದ್ದರು. ಮಣ್ಣು ತುಂಬುವ ಮೊದಲು ತಳ ಒಡೆಯಬೇಕು, ಒಡೆಯುವುದು ಅತಿ ಆಳದ ಜಾಗದಲ್ಲಿ. ಆ ಜಾಗದಲ್ಲಿ ಏನಿದೆ ಎಂದು ಆರ್ನೋಗೆ ಗೊತ್ತು. ಹೀಗಾಗಿ ಅವನು ಮಂಗಳವಾರ ಎಲ್ವಿಗೆ "ಚರ್ಚಿನಲ್ಲಿ ಸಭೆ" ಎಂದು ಸುಳ್ಳು ಹೇಳಿ, ಆ ಸುಳ್ಳಿಗೆ ತಕ್ಕ ಪ್ಯಾಂಟು ಹಾಕಿಕೊಂಡು, ಗಳ ಹಿಡಿದು ಬಂದದ್ದು.

ಮರ್ಲ್ ಅವನಿಗೆ ಒಣ ಬಟ್ಟೆ ಕೊಟ್ಟಳು. ಕೀತ್‌ನದೇ. ಸತ್ತವನ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಆರ್ನೋ ಅಡುಗೆಮನೆಯಲ್ಲಿ ಕೂತ, ಪಕ್ಕದಲ್ಲಿ ನಾನು. ಮುಂದೆ ಚಹಾ, ಒಂದು ಲ್ಯಾಮಿಂಗ್ಟನ್ ಕೇಕು. ಕಿಟಕಿಯಾಚೆ ಅವನೇ ಕಿಟಕಿಗೆಂದು ಕಟ್ಟಿದ ಕೊಳ.

"ಮರ್ಲ್, ಕೊಳ ಎದ್ದದ್ದು ಕೀತ್‌ನಿಂದ ಅಲ್ಲ."

"ಮತ್ತೆ?"

ಹೇಳಿದ. ಬಿರಡೆ, ರೇಡಿಯೋ, ಎಲ್ವಿಯ ಕಿಟಕಿ, ಎಲ್ಲ. ಚಿಲ್ಲರೆ ಚಿಲ್ಲರೆಯಾಗಿ. ಮರ್ಲ್ ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಸುತ್ತಿಸುತ್ತ ಕೂತಿದ್ದಳು. ಬೈದರೆ ಚೆನ್ನಾಗಿತ್ತು ಎಂದು ನನಗೇ ಅನ್ನಿಸಿತು.

"ಅಂದ್ರೆ ನನ್ನ ಗಂಡ ಪೆದ್ದ ಅಲ್ಲ," ಎಂದಳು ಕಡೆಗೆ.

"ಅಲ್ಲ."

"ನೀನು ಪೆದ್ದ."

"ಹೌದು."

"ಪೆದ್ದ ಅಲ್ಲ, ಹೇಡಿ. ಅಷ್ಟು ವರ್ಷ ಅವನು ಆ ದರಿದ್ರ ಟೋಪಿ ಹಾಕ್ಕೊಂಡು ಹಲ್ಲು ಕಿರೀತಿದ್ದ. ಒಂದಿನ ಬಾಯಿ ಬಿಡೋಕೆ ನಿನಗೇನಾಗಿತ್ತು ರೋಗ?"

ಅವಳ ಕಣ್ಣು ತುಂಬಿತ್ತು. ಆದರೆ ಬೆನ್ನು ನೆಟ್ಟಗಾಗಿತ್ತು. ನಾನು ಕಂಡ ಹಾಗೆ ಕೀತ್ ಹೋದ ಮೇಲೆ ಅದೇ ಮೊದಲು.

"ಗುರುವಾರ ಬೀದಿಯೆಲ್ಲ ಬರುತ್ತೆ ನೋಡೋಕೆ," ಎಂದಳು. "ಎಲ್ಲರ ಮುಂದೆ ಹೇಳ್ಬೇಕು ನೀನು. ಗ್ರೆವಿಲ್ ಮುಂದೆ. ಆಮೇಲೆ ಇಳಿದು ನಿನ್ನ ಕೈಯಾರೆ ಆ ಬಿರಡೆ ಕಿತ್ಕೊಂಡು ಬಾ. ಈಗ ಆ ಕೇಕ್ ತಿನ್ನು."

ಆರ್ನೋ ತಿಂದ. ಶಿಕ್ಷೆಯ ಮೊದಲ ಕಂತು ಅದೇ ಎಂಬಂತೆ.

ಗುರುವಾರ ಬೀದಿ ಮಡಚುಕುರ್ಚಿ, ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಸಮೇತ ಮರ್ಲ್ ಮನೆಯ ಹಿತ್ತಲಿಗೆ ಬಂತು. ನೀರು ಹಿಂದಿನ ದಿನವೇ ಖಾಲಿಯಾಗಿತ್ತು. ಓರೆಯಾದ ಬಿಳಿ ಬಟ್ಟಲು, ಆಳದಲ್ಲಿ ಒಂದಿಷ್ಟು ಕಪ್ಪು ಕೆಸರು. ಅಂಚಿನ ಎತ್ತರದ ತುದಿಯಲ್ಲಿ ಆರ್ನೋನನ್ನು ನಿಲ್ಲಿಸಿದರು. ನೇಣಿಗೆ ನಿಂತವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ಎಲ್ಲ ಹೇಳಿದ. ಯಾರದೋ ಕೈಯ ಬಿಯರಿನ ಡಬ್ಬಿ ಸುಸ್ಸೆಂದಿತು.

"ಹಾಗಾದ್ರೆ ಕೀತ್‌ದು ಏನೂ ತಪ್ಪಿಲ್ವಾ?" ಎಂದ ಗ್ರೆವಿಲ್.

"ಇಲ್ಲ."

"ನಾನು ಶವದ ಮುಂದೆ ನಿಂತು ತಮಾಷೆ ಮಾಡ್ದೆನಲ್ಲೋ!"

"ಮಾಡ್ದೆ," ಎಂದಳು ಮರ್ಲ್. "ಎದ್ದು ನಿಂತು ಮಾಡ್ದೆ. ಈಗ ಎದ್ದು ನಿಂತೇ ಕ್ಷಮೆ ಕೇಳು."

ಗ್ರೆವಿಲ್ ಎದ್ದು ನಿಂತ. ಅವನ ಹಿಂದೆ ಉಳಿದವರೂ ಕುರ್ಚಿ ಬಿಟ್ಟು ಎದ್ದರು. ಕೀತ್‌ನ ಹೆಸರಿಗೆ ಬಿಯರು ಎತ್ತಿದರು, ಬೀದಿಯಲ್ಲಿ ವರ್ಷಗಳ ಮೇಲೆ ಮೊದಲ ಸಲ ಅವನ ನಿಜವಾದ ಹೆಸರಿಗೆ. ಮರ್ಲ್ ಅತ್ತಳು, ನಕ್ಕಳು, ಎಲ್ಲರ ತಟ್ಟೆಗೂ ಲ್ಯಾಮಿಂಗ್ಟನ್ ಬಡಿಸಿದಳು. ಆರ್ನೋಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಯಿತು ಅವನಿಗೆ.

ಅವನು ಸ್ಪ್ಯಾನರು ಹಿಡಿದು ಕೊಳಕ್ಕೆ ಇಳಿದ. ಜಾರುವ ತಳದಲ್ಲಿ ಕುಂಡೆಯೂರಿ ಸಾಗಿ, ಆಳ ಮುಟ್ಟಿ, ಕೆಸರು ಬಳಿದು, ಜಾಲರಿಯ ತಿರುಪು ಬಿಚ್ಚಿದ. ಒಳಗೆ ಕೈ ಹಾಕಿದ. ಬಗ್ಗಿದವನು ಬಗ್ಗಿಯೇ ಉಳಿದ. ಬೆನ್ನು ಹಿಡಿಯಿತೇನೋ ಎಂದು ನಾನು ಇಳಿಯಲು ಹೊರಟಿದ್ದೆ. ಅಷ್ಟರಲ್ಲಿ ಅವನು ನಮಗೆ ಬೆನ್ನು ತಿರುಗಿಸಿ, ಏನನ್ನೋ ಹಿಂಡಿ, ಜೇಬಿಗೆ ತುರುಕಿಕೊಂಡ.

"ಸಿಕ್ತಾ?" ಎಂದು ಮೇಲಿನಿಂದ ಮರ್ಲ್ ಕೂಗಿದಳು.

ಆರ್ನೋ ತಲೆಯೆತ್ತಿ ಅವಳನ್ನು ನೋಡಿದ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು.

"ಸಿಕ್ತು," ಎಂದ.

ಜನ ಚಪ್ಪಾಳೆ ತಟ್ಟಿದರು. ಯಂತ್ರ ಬಂದು ತಳ ಒಡೆಯಿತು, ಲಾರಿಗಟ್ಟಲೆ ಮಣ್ಣು ಬಿತ್ತು. ಸಂಜೆಗೆ ಅಲ್ಲಿ ಕೊಳವಿತ್ತೆಂದು ಹೇಳಲು ಅಂಚಿನ ಟೈಲ್ಸ್ ಮಾತ್ರ ಉಳಿದಿತ್ತು, ಅದೂ ಓರೆಯಾಗಿ. ಮರ್ಲ್ ಗ್ರೆವಿಲ್‌ನ ತೋಳು ಹಿಡಿದು, ತನ್ನ ಗಂಡ ಎಂಥ ಜಾಣ, ಬಾಯಿ ಬಿಡದೆ ಇನ್ನೊಬ್ಬನ ತಪ್ಪು ಹೊತ್ತ ಎಂಥ ದೊಡ್ಡ ಮನುಷ್ಯ ಎಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಗ್ರೆವಿಲ್ ತಪ್ಪಿಸಿಕೊಳ್ಳದೆ ಕೇಳುತ್ತಿದ್ದ.

ಆರ್ನೋ ಗೇಟಿನ ಹತ್ತಿರ ನಿಂತಿದ್ದ. ಎಲ್ಲ ಹೇಳಿ ಮುಗಿಸಿದವನ ಮುಖದಲ್ಲಿ ಹಗುರ ಕಾಣಬೇಕಿತ್ತು; ಗ್ಯಾರೇಜಿನಲ್ಲಿ ಅಡಗಿದ ಹಳೆಯ ಆರ್ನೋನೇ ಕಂಡ. ಜೇಬಿನ ಒದ್ದೆ ಪ್ಯಾಂಟಿಗೆ ಹಬ್ಬಿತ್ತು.

"ತೋರ್ಸು ಮಾರಾಯ," ಎಂದೆ. "ಇಷ್ಟು ವರ್ಷ ನಿನ್ನ ಜೀವ ತಿಂದ ಬಿರಡೆ ಹೇಗಿದೆ ನೋಡೋಣ."

ಅವನು ಮರ್ಲ್ ಕಡೆ ನೋಡಿದ. ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಬಿರಡೆ ಇರ್ಲಿಲ್ಲ," ಎಂದ ಮೆಲ್ಲಗೆ. "ವಾಲ್ವಿನ ಬಾಯಿಗೆ ತುರುಕಿದ್ದು ಕೀತ್‌ನ ಕಾಲುಚೀಲ."